ಸ್ಟೆಪ್ನಿ ಭಾರಕ್ಕೆ ಹಿಂಬಾಗಿಲು ಜೋತು ಬೀಳುತ್ತಿದೆಯಾ? ಯಾರಿಗೆ ಯಾವ ಸಪೋರ್ಟ್ ಸರಿ

ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ. ಈ ನಾಲ್ಕೂ ಗಾಡಿಗಳಲ್ಲಿ ಸ್ಟೆಪ್ನಿ ಕೂರುವುದು ಹಿಂಬಾಗಿಲ ಮೇಲೆ. ಕಂಪನಿ ಕೊಟ್ಟ ಟೈರ್ ಇರುವವರೆಗೆ ಆ ಬಾಗಿಲ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದಪ್ಪ ಮಡ್ ಟೈರ್ ಬಂದ ಮೇಲೆ ಪ್ರಶ್ನೆ ಶುರುವಾಗುತ್ತದೆ. ಬಾಗಿಲಿಗೆ ಸಪೋರ್ಟ್ ಬೇಕಾ? ಬೇಕಾದರೆ ಒಳಗಿನ ಪ್ಲೇಟಾ, ಹೊರಗಿನ ಫ್ರೇಮಾ, ಇಲ್ಲಾ ಬಂಪರ್‌ಗೇ ಜೋಡಿಸುವ ಕ್ಯಾರಿಯರ್ ಒಳ್ಳೆಯದಾ? ಅಂಗಡಿಯವರನ್ನು ಕೇಳಿದರೆ ಪ್ರತಿಯೊಬ್ಬರೂ ತಾವು ಮಾರುವುದೇ ಬೆಸ್ಟ್ ಅನ್ನುತ್ತಾರೆ. ಅವರದ್ದೂ ತಪ್ಪಲ್ಲ, ಬಿಡಿ.

ದಾವಣಗೆರೆ, ಚಿತ್ರದುರ್ಗದ ಕಡೆ ಈ ಗೊಂದಲಕ್ಕೆ ಕಾರಣವೂ ಇದೆ. ನಮ್ಮಲ್ಲಿ ಗಾಡಿ ಒಂದೇ ದಿನದಲ್ಲಿ ಮೂರು ಬಗೆಯ ದಾರಿ ನೋಡುತ್ತದೆ. ಬೆಳಿಗ್ಗೆ ಹೆದ್ದಾರಿ 48ರಲ್ಲಿ ಹಿರಿಯೂರಿನವರೆಗೆ ಓಟ. ಹಳ್ಳಿ ಒಳಗೆ ಬಂದರೆ ಮಾರಿಗೊಂದು ಹಂಪ್ಸ್. ಆಮೇಲೆ ಗಾಳಿಯಂತ್ರದ ಗುಡ್ಡದ ಕಲ್ಲುದಾರಿ, ಇಲ್ಲವೇ ಜಗಳೂರು ಕಡೆಯ ಎರೆ ಹೊಲದ ಬಂಡಿದಾರಿ. ಬಾಗಿಲನ್ನು ಹಾಳು ಮಾಡುವುದು ಒಂದು ದೊಡ್ಡ ಗುಂಡಿಗಿಂತ ಹೆಚ್ಚಾಗಿ ದಿನಾ ಬೀಳುವ ಸಣ್ಣ ಸಣ್ಣ ಏಟುಗಳು. ಹಾಗಾಗಿ ಆಫ್‌ರೋಡ್ ಹೋಗುವುದೇ ಇಲ್ಲ ಅನ್ನುವವರ ಬಾಗಿಲೂ ಸಡಿಲಾಗುತ್ತದೆ.

ಮೊದಲು ಯಾವುದನ್ನು ಅಳೆಯಬೇಕು

ಮೊದಲನೆಯದು ಟೈರಿನ ತೂಕ. ಊಹೆ ಬೇಡ. ಸ್ಟೆಪ್ನಿ ಬಿಚ್ಚಿ, ರಿಮ್ ಸಮೇತ ಯಾವುದಾದರೂ ಮಂಡಿಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿ. ಐದು ನಿಮಿಷದ ಕೆಲಸ, ಮುಂದಿನ ಎಲ್ಲ ತೀರ್ಮಾನ ಆ ಅಂಕಿಯ ಮೇಲೆ ನಿಲ್ಲುತ್ತದೆ. ಒಂದೇ ಅಳತೆಯ ಟೈರಿನಲ್ಲೂ ತೂಕ ಬೇರೆ ಬೇರೆ ಇರುತ್ತದೆ. ಪದರ ಜಾಸ್ತಿ ಇರುವ ಎಲ್‌ಟಿ (ಲೈಟ್ ಟ್ರಕ್) ಟೈರ್ ಸಾಮಾನ್ಯ ಕಾರಿನ ಟೈರಿಗಿಂತ ಭಾರ. ಕಬ್ಬಿಣದ ರಿಮ್ ಸಾಮಾನ್ಯವಾಗಿ ಅಲಾಯ್‌ಗಿಂತ ಭಾರ.

ಲೆಕ್ಕ ಹೀಗೆ. ಟೈರು, ರಿಮ್ಮು ಸೇರಿ 30 ಕೆಜಿ ಅಂದುಕೊಳ್ಳಿ. ಅದರ ನಡುಭಾಗ ಹಿಂಜ್‌ನಿಂದ, ಅಂದರೆ ಬಾಗಿಲು ತಿರುಗುವ ಕೀಲಿನಿಂದ, ಅರ್ಧ ಮೀಟರ್ ದೂರ ಇದ್ದರೆ, ಗಾಡಿ ಸುಮ್ನೆ ನಿಂತಿದ್ದಾಗಲೇ ಹಿಂಜ್ ಮೇಲೆ 15 ಕೆಜಿ-ಮೀಟರ್ ತಿರುಚು ಬೀಳುತ್ತದೆ. ಟೈರ್ 40 ಕೆಜಿ ಆದರೆ ಅದು 20 ಆಗುತ್ತದೆ. ಗುಂಡಿಗೆ ಬಿದ್ದ ಕ್ಷಣಕ್ಕೆ ಎರಡು ಮೂರು ಪಟ್ಟು ಏರಿ ಇಳಿಯುತ್ತದೆ. ಇಷ್ಟನ್ನೂ ತಡೆಯಬೇಕಾದದ್ದು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು, ಅದರ ಹಿಂದಿರುವ ಕಂಪನಿಯ ಒಳಪಟ್ಟಿ, ಎರಡು ಹಿಂಜ್ ಮತ್ತು ಒಂದು ಲಾಕ್.

ಎರಡನೆಯದು ಟೈರಿನ ಎತ್ತರ ಮತ್ತು ಅಗಲ. ಥಾರ್‌ನ 255/65 ಆರ್ 18 ಟೈರಿನ (255 ಎಂಎಂ ಅಗಲ, ಅದರ ಶೇ 65ರಷ್ಟು ಪಕ್ಕದ ಎತ್ತರ, 18 ಇಂಚಿನ ರಿಮ್) ಒಟ್ಟು ಎತ್ತರ ಸುಮಾರು 789 ಎಂಎಂ. ಜನ ಹಾಕಿಸುವ 285/65 ಆರ್ 18 ಸುಮಾರು 828 ಎಂಎಂ. ಜಿಮ್ನಿಯ 195/80 ಆರ್ 15 ಸುಮಾರು 693 ಎಂಎಂ. 215/75 ಆರ್ 15 ಹಾಕಿದರೆ ಬರೀ 11 ಎಂಎಂ ಏರಿಕೆ. 235/75 ಆರ್ 15 ಆದರೆ 40 ಎಂಎಂ. ಎತ್ತರ ಜಾಸ್ತಿ ಆದಾಗ ಟೈರಿನ ಕೆಳಭಾಗ ಬಂಪರ್‌ಗೆ ತಾಗಬಹುದು. ಅಗಲ ಜಾಸ್ತಿ ಆದಾಗ ಟೈರು ಹಿಂದಕ್ಕೆ ಚಾಚಿಕೊಂಡು ಬಾಗಿಲಿನ ತಗಡನ್ನು ಇನ್ನಷ್ಟು ಎಳೆಯುತ್ತದೆ. ಟೈರ್ ಕೂರಲಿಲ್ಲ ಅಂತ ನಡುವೆ ಸ್ಪೇಸರ್ (ಟೈರನ್ನು ಬಾಗಿಲಿಂದ ದೂರ ಇಡುವ ಬಿಲ್ಲೆ) ಹಾಕಿದರಂತೂ ಎಳೆತ ಮತ್ತೂ ಹೆಚ್ಚು.

ಮೂರನೆಯದನ್ನು ಜನ ಕೇಳುವುದೇ ಇಲ್ಲ: ಭಾರ ಕೊನೆಗೆ ಎಲ್ಲಿ ಹೋಗಿ ಕೂರುತ್ತದೆ? ಟೈರಿನಿಂದ ತಗಡಿಗೆ, ತಗಡಿನಿಂದ ಹಿಂಜ್‌ಗೆ, ಹಿಂಜ್‌ನಿಂದ ಬಾಡಿಯ ಕಂಬಕ್ಕೆ. ಈ ಸಾಲಿನಲ್ಲಿ ಎಲ್ಲಿ ಬಲ ಕಮ್ಮಿಯೋ ಅಲ್ಲಿಯೇ ಬಿರುಕು ಬಿಡುತ್ತದೆ. ತಗಡಿಗೆ ಮಾತ್ರ ಬಲ ಕೊಟ್ಟು ಹಿಂಜ್ ಹಾಗೇ ಬಿಟ್ಟರೆ ರೋಗ ಪಕ್ಕದ ಮನೆಗೆ ಹೋಯಿತು ಅಷ್ಟೆ. ಯಾವ ಸಪೋರ್ಟ್ ತೋರಿಸಿದರೂ ಈ ಪ್ರಶ್ನೆ ಕೇಳಿ. ಉತ್ತರ ತೊದಲಿದರೆ ಅಂಗಡಿ ಬದಲಿಸಿ.

ಉಳಿದವು ನಿಮ್ಮ ಬದುಕಿಗೆ ಸೇರಿದ್ದು. ದಿನಕ್ಕೆ ಎಷ್ಟು ಸಲ ಡಿಕ್ಕಿ ತೆಗೆಯುತ್ತೀರಿ, ವಾರಂಟಿ ಇನ್ನೂ ಇದೆಯಾ, ನಾಳೆ ಗಾಡಿ ಮಾರುವಾಗ ಬಿಚ್ಚಿ ಕೊಡಬಹುದಾ.

ನಿಮ್ಮ ಬಾಗಿಲು ಈಗ ಹೇಗಿದೆ?

ಖರ್ಚು ಮಾಡುವ ಮೊದಲು ಇದನ್ನು ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಾಗಿಲು ಅರ್ಧ ತೆಗೆದು, ಹಿಡಿಯ ಕಡೆಯ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಬಿಡಿ. ಕಟಕ್ ಅಂತ ಆಟ ಕಂಡರೆ ಹಿಂಜ್ ಪಿನ್ನೋ ಬುಷ್ಷೋ ಸವೆದಿದೆ. ಆಮೇಲೆ ಹಿಂಜ್ ಬುಡದಲ್ಲಿ, ಸ್ಟೆಪ್ನಿ ಕೂರುವ ಬೋಲ್ಟ್‌ಗಳ ಸುತ್ತ ಟಾರ್ಚ್ ಬಿಟ್ಟು ನೋಡಿ. ಪೇಂಟ್‌ನಲ್ಲಿ ಕೂದಲೆಳೆಯಂಥ ಗೆರೆ ಇದ್ದರೆ ಅದರ ಕೆಳಗೆ ತಗಡು ಬಾಗಲು ಶುರುವಾಗಿದೆ ಅಂತ ಅರ್ಥ.

ಲಾಕ್ ಕಚ್ಚಿಕೊಳ್ಳುವ ಕೊಂಡಿಯನ್ನೂ ನೋಡಿ. ಅದರ ಒಂದೇ ಕಡೆ ಹೊಳೆಯುವ ಉಜ್ಜುಗೆರೆ ಇದ್ದರೆ ಬಾಗಿಲು ಇಳಿದಿದೆ. ನೀವು ಮುಚ್ಚಿದಾಗಲೆಲ್ಲ ಲಾಕ್ ಅದನ್ನು ಎತ್ತಿ ಕೂರಿಸುತ್ತಿದೆ. ಕೊನೆಗೆ ಬೀಡಿಂಗ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಹೀಗೆ ಮಾಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಲೀಸಾಗಿ ಬಂದರೆ ಬಾಗಿಲು ಓರೆಯಾಗಿದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಓಡಾಡುವವರಿಗೆ ಇದು ಬೇಗ ಗೊತ್ತಾಗುತ್ತದೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಧೂಳೆಲ್ಲ ಅಲ್ಲೇ ಸುತ್ತುತ್ತದೆ, ಸಣ್ಣ ಸಂದಿ ಸಿಕ್ಕರೂ ಒಳಗೆ ನುಗ್ಗುತ್ತದೆ. ಡಿಕ್ಕಿಯಲ್ಲಿಟ್ಟ ಬ್ಯಾಗ್ ಕೆಂಪಾಗಿದ್ದರೆ ಬೀಡಿಂಗ್ ಬದಲಿಸುವ ಮೊದಲು ಹಿಂಜ್ ನೋಡಿಸಿ.

ಗಾಡಿಗೆ ಗಾಡಿಗೆ ವ್ಯತ್ಯಾಸವೂ ಇದೆ. ಜಿಮ್ನಿ, ಗೂರ್ಖಾ, ಬೊಲೆರೊಗಳಲ್ಲಿ ಗಾಜೂ ಬಾಗಿಲೂ ಸೇರಿ ಒಂದೇ ಉದ್ದನೆಯ ತುಂಡು. ಹಾರ್ಡ್‌ಟಾಪ್ ಥಾರ್‌ನಲ್ಲಿ ಗಾಜು ಮೇಲಕ್ಕೆ, ಕೆಳಗಿನ ಗಿಡ್ಡ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಗಿಡ್ಡ ಬಾಗಿಲಲ್ಲಿ ಎರಡು ಹಿಂಜ್‌ಗಳ ನಡುವಿನ ಅಂತರ ಕಮ್ಮಿ. ಅಂತರ ಕಮ್ಮಿ ಆದಷ್ಟೂ ಅದೇ ಭಾರಕ್ಕೆ ಒಂದೊಂದು ಹಿಂಜ್ ಮೇಲಿನ ಎಳೆತ ಜಾಸ್ತಿ. ಜಿಮ್ನಿಗೆ ಸರಿ ಹೋದದ್ದು ಥಾರ್‌ಗೂ ಸರಿ ಹೋಗುತ್ತದೆ ಅಂತ ನಂಬಬೇಡಿ.

ರಬ್ಬರ್ ಮತ್ತು ಸರ್ವಿಸ್

ಕಂಪನಿ ಅಳತೆಯ ಟೈರೇ ಇದ್ದರೆ ನನ್ನ ಮಟ್ಟಿಗೆ ಇದೇ ಸಾಕು. ಹಿಂಜ್ ಬೋಲ್ಟ್ ಬಿಗಿ ಮಾಡಿಸಿ, ಪಿನ್ನಿಗೆ ಗ್ರೀಸ್ ಬಿಡಿಸಿ, ಕೊಂಡಿಯನ್ನು ಸರಿಯಾದ ಜಾಗಕ್ಕೆ ಕೂರಿಸಿ, ಸವೆದ ರಬ್ಬರ್ ಸ್ಟಾಪರ್ ಬದಲಿಸಿ. ಸ್ಟಾಪರ್ ಅಂದರೆ ಬಾಗಿಲು ಮುಚ್ಚಿದಾಗ ಬಾಡಿಗೆ ಒತ್ತಿಕೊಳ್ಳುವ ರಬ್ಬರ್ ಗುಂಡಿ. ಅದು ಸವೆದರೆ ಬಾಗಿಲು ಪ್ರತಿ ಹಂಪ್ಸ್‌ಗೂ ಅಲುಗಾಡುತ್ತದೆ, ಏಟೆಲ್ಲ ಲಾಕ್ ಮೇಲೆಯೇ ಬೀಳುತ್ತದೆ. ಸ್ಟೆಪ್ನಿ ಹಿಂದಿನ ರಬ್ಬರ್ ಪ್ಯಾಡ್ ಟೈರಿಗೆ ಗಟ್ಟಿಯಾಗಿ ಒತ್ತಿರಬೇಕು. ಅದು ಬಿಟ್ಟರೆ ಟೈರೇ ಬಾಗಿಲನ್ನು ಕುಲುಕುತ್ತದೆ.

ಖರ್ಚು ನೂರುಗಳಲ್ಲಿ ಮುಗಿಯುತ್ತದೆ, ವಾರಂಟಿಗೂ ತೊಂದರೆ ಇಲ್ಲ. ಆದರೆ ತಗಡಿನಲ್ಲಿ ಬಿರುಕು ಬಿಟ್ಟಿದ್ದರೆ ಇದರಿಂದ ಏನೂ ಆಗದು.

ಒಳಗಿನ ಪ್ಲೇಟ್

ಬಾಗಿಲ ಒಳಗಿನ ಟ್ರಿಮ್ ಬಿಚ್ಚಿ, ಸ್ಟೆಪ್ನಿ ಬೋಲ್ಟ್‌ಗಳ ಹಿಂದೆ ಒಂದು ಉಕ್ಕಿನ ಪ್ಲೇಟ್ ಕೂರಿಸುವುದು. ಭಾರ ಮೂರ್ನಾಲ್ಕು ಬೋಲ್ಟ್ ತೂತುಗಳ ಮೇಲೆ ಬೀಳುವ ಬದಲು ಅಗಲವಾಗಿ ಹರಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ನಂಬರ್ ಪ್ಲೇಟು, ಲೈಟು, ಕ್ಯಾಮೆರಾ ಯಾವುದೂ ಜಾಗ ಬಿಡುವುದಿಲ್ಲ. ಕೆಲವು ಸಾವಿರದಲ್ಲಿ ಆಗುವ ಕೆಲಸ. ಜಿಮ್ನಿಗೆ 215 ಅಗಲದ ಟೈರ್ ಹಾಕಿಸಿ ತೋಟ, ಹೊಲ, ವಾಣಿವಿಲಾಸ ಸಾಗರದ ಹಿನ್ನೀರು ಅಂತ ಓಡಾಡುವವರಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ಕೊರತೆ ಆಗಲೇ ಹೇಳಿದ್ದು: ಹಿಂಜ್‌ಗೆ ಇದರಿಂದ ಯಾವ ಸಹಾಯವೂ ಇಲ್ಲ. ಪ್ಲೇಟ್ ಹಿಂಜ್‌ನ ಬೋಲ್ಟ್‌ವರೆಗೂ ಚಾಚಿಕೊಂಡಿದ್ದರೆ ಮಾತ್ರ ಕೊಟ್ಟ ದುಡ್ಡಿಗೆ ನ್ಯಾಯ. ಇನ್ನೊಂದು ಕಾಳಜಿ ತುಕ್ಕಿನದು. ಪ್ಲೇಟ್ ಮತ್ತು ತಗಡಿನ ನಡುವೆ ನೀರು ನಿಂತರೆ ಕಣ್ಣಿಗೆ ಕಾಣದಂತೆ ಒಳಗೊಳಗೇ ತಿನ್ನುತ್ತದೆ. ಪೌಡರ್ ಕೋಟಿಂಗ್ ಆದ ಪ್ಲೇಟ್ ಇರಲಿ, ಕೊರೆದ ಪ್ರತಿ ತೂತಿನ ಅಂಚಿಗೂ ಪ್ರೈಮರ್ ಬಳಿಸಿ, ಬಾಗಿಲ ಬುಡದಲ್ಲಿ ನೀರು ಇಳಿಯುವ ತೂತುಗಳು ಮುಚ್ಚಿಲ್ಲ ಅಂತ ನೋಡಿ.

ಹೊರಗಿನ ಫ್ರೇಮ್

ಇದು ಬೇರೆಯೇ ಲೆಕ್ಕ. ಹಿಂಜ್ ಬೋಲ್ಟ್‌ಗಳಿಗೇ ಜೋಡಿಸಿದ ಒಂದು ಉಕ್ಕಿನ ಚೌಕಟ್ಟು ಸ್ಟೆಪ್ನಿಯನ್ನು ಹಿಡಿಯುತ್ತದೆ. ಕೆಲವು ಕಿಟ್‌ಗಳಲ್ಲಿ ಹಿಂಜ್‌ಗಳೇ ಹೊಸವು, ದಪ್ಪನೆಯವು. ಭಾರ ಟೈರಿನಿಂದ ನೇರ ಹಿಂಜ್‌ಗೆ ಹೋಗುತ್ತದೆ, ನಡುವಿನ ತಗಡಿಗೆ ಹೆಚ್ಚುಕಮ್ಮಿ ಬಿಡುವು. 31ರಿಂದ 33 ಇಂಚು ಎತ್ತರದ (ಸುಮಾರು 790ರಿಂದ 840 ಎಂಎಂ), ಭಾರದ ಟೈರ್ ಹಾಕಿಸಿದ ಥಾರ್, ಗೂರ್ಖಾಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಬಾಗಿಲು ಮೊದಲಿನ ಹಾಗೇ ಒಂದೇ ಕೈಯಲ್ಲಿ ತೆರೆಯುತ್ತದೆ. ಸ್ಟೆಪ್ನಿಯನ್ನು ಮೇಲೆ ಕೆಳಗೆ ಸರಿಸುವ ಅನುಕೂಲವೂ ಹಲವು ಕಿಟ್‌ಗಳಲ್ಲಿ ಇರುತ್ತದೆ.

ತೂಕ ನೋಡಿ ಕೊಳ್ಳಿ. ಸಿಕ್ಕಾಪಟ್ಟೆ ದಪ್ಪ ಪೈಪಿನಲ್ಲಿ ಮಾಡಿದ ಫ್ರೇಮ್ ಹಾಕಿಸಿ, ಅದಕ್ಕೊಂದು ಏಣಿ, ಮೇಲೊಂದು ಜೆರ್ರಿ ಕ್ಯಾನ್ ತಗುಲಿಸಿದರೆ ಮೂಗಿಗಿಂತ ಮೂಗುತಿ ಭಾರ. 20 ಲೀಟರ್ ಡೀಸೆಲ್ ಅಂದರೆ ಕ್ಯಾನ್ ಬಿಟ್ಟು 17 ಕೆಜಿ ಹತ್ತಿರ. ಫ್ರೇಮ್ ಎಷ್ಟೇ ಗಟ್ಟಿಯಿದ್ದರೂ ಹಿಂಜ್ ಕೂರುವ ಬಾಡಿಯ ಕಂಬ ಕಂಪನಿಯದೇ. ಅಲ್ಲಿ ಒಳಗೆ ಬೆನ್ನುಪಟ್ಟಿ ಕೊಡುವ ಕಿಟ್ ಸಿಕ್ಕರೆ ಅದನ್ನೇ ಆರಿಸಿ.

ಟೈರನ್ನು ಮೇಲೆತ್ತಿದಾಗ ಹಿಂದಿನ ಗಾಜು, ವೈಪರ್, ಬ್ರೇಕ್ ಲೈಟ್ ಮುಚ್ಚುತ್ತಾ ಅಂತ ಕೂರಿಸುವ ಮೊದಲೇ ಅಳತೆ ಹಿಡಿಯಿರಿ. ಥಾರ್‌ನಲ್ಲಿ ಗಾಜು ಪೂರ್ತಿ ಮೇಲೇಳಬೇಕು, ಅದೂ ನೆನಪಿರಲಿ. ಜೊತೆಗೆ ಬಾಗಿಲನ್ನು ತೆರೆದ ಜಾಗದಲ್ಲೇ ಹಿಡಿದು ನಿಲ್ಲಿಸುವ ಸ್ಟೇ. ಭಾರ ಹೆಚ್ಚಾದಾಗ ಹಳೆಯ ಸ್ಟೇ ಇಳಿಜಾರಿನಲ್ಲಿ ಬಾಗಿಲನ್ನು ಹಿಡಿಯಲಾರದು. ಅರ್ಧ ಕ್ವಿಂಟಲ್ ಹತ್ತಿರದ ಬಾಗಿಲು ತಾನಾಗಿ ಬಂದು ಮುಚ್ಚಿಕೊಂಡರೆ ಬೆರಳುಗಳ ಗತಿ ಹೇಳಬೇಕಾ? ಮಕ್ಕಳಿರುವ ಮನೆಯವರು ಸ್ಟೇ ಬದಲಿಸದೆ ಫ್ರೇಮ್ ಹಾಕಿಸಬೇಡಿ.

ಬಂಪರ್‌ಗೆ ಜೋಡಿಸುವ ಕ್ಯಾರಿಯರ್

ಇಲ್ಲಿ ಬಾಗಿಲಿಗೂ ಸ್ಟೆಪ್ನಿಗೂ ಸಂಬಂಧವೇ ಇಲ್ಲ. ಚಾಸಿಗೆ ಜೋಡಿಸಿದ ಉಕ್ಕಿನ ಬಂಪರ್, ಅದರ ಒಂದು ಮೂಲೆಯಲ್ಲಿ ಬೇರಿಂಗ್ ಮೇಲೆ ತಿರುಗುವ ತೋಳು, ಆ ತೋಳಿನ ಮೇಲೆ ಸ್ಟೆಪ್ನಿ. ಭಾರ ಹೊರುವ ಶಕ್ತಿಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ನೋಡೋಕೂ ಗತ್ತಾಗಿರುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ.

ಹತ್ತಾರು ಸಾವಿರ ಖರ್ಚು. ಬಂಪರ್, ತೋಳು ಎಲ್ಲ ಸೇರಿ ಹಿಂದಿನ ಆಕ್ಸಲ್‌ನ ಆಚೆಗೆ ಒಬ್ಬ ಮನುಷ್ಯನ ತೂಕ ಸೇರಬಹುದು. ಖಾಲಿ ಜಿಮ್ನಿಯ ತೂಕವೇ ಸುಮಾರು 1,200 ಕೆಜಿ. ಅಷ್ಟು ಹಗುರ ಗಾಡಿಗೆ ಬೆನ್ನ ಮೇಲೆ ಇಷ್ಟು ಹೊರಿಸಿದರೆ ಹಿಂದೆ ಕುಸಿಯುತ್ತದೆ, ಮುಂದಿನ ಚಕ್ರಗಳ ಮೇಲೆ ಭಾರ ಕಮ್ಮಿಯಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಸ್ಪ್ರಿಂಗ್ ಬದಲಿಸುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಬಾಗಿಲು ತೆಗೆಯಬೇಕಾದರೆ ಮೊದಲು ತೋಳು, ಆಮೇಲೆ ಬಾಗಿಲು. ಸಂತೆಗೆ ಹೋದಾಗ, ಹಿಂದೆ ಒಂದು ಬೈಕ್ ಒತ್ತಿಕೊಂಡು ನಿಂತಿದ್ದಾಗ, ಇದು ಎಷ್ಟು ಕಿರಿಕಿರಿ ಅಂತ ಗೊತ್ತಾಗುತ್ತದೆ. ಮಳೆಗಾಲದ ಎರೆ ಮಣ್ಣು ಲಾಕ್ ಒಳಗೆ ಸೇರಿ ಒಣಗಿದರೆ ನೀರು ಹಾಕಿ ತೊಳೆಯದೆ ಬಿಚ್ಚುವುದಿಲ್ಲ. ಬೇರಿಂಗ್‌ಗೆ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ಇಲ್ಲದ ಕ್ಯಾರಿಯರ್ ಯಾರು ಕೊಟ್ಟರೂ ಬೇಡ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ, ಕಂಪನಿ ತಯಾರಿಸಿದ ರೂಪವನ್ನು ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಬಾಗಿಲ ಒಳಗಿನ ಪ್ಲೇಟ್‌ಗಿಂತ ಇಡೀ ಬಂಪರ್ ಬದಲಿಸುವುದು ಕಣ್ಣಿಗೆ ಬೇಗ ಬೀಳುತ್ತದೆ. ಇನ್ಶೂರೆನ್ಸ್ ಕಂಪನಿಗೆ ಮೊದಲೇ ತಿಳಿಸಿ. ಯಾವ ಸಪೋರ್ಟ್ ಹಾಕಿಸಿದರೂ ನಂಬರ್ ಪ್ಲೇಟ್, ಹಿಂದಿನ ಲೈಟ್ ಮರೆಯಾಗಬಾರದು.

ಹಾಗಾದರೆ ಇದು ಯಾರಿಗೆ? ವರ್ಷಕ್ಕೊಮ್ಮೆ ಲಡಾಖ್, ಸ್ಪಿತಿ ಅಂತ ತಿಂಗಳುಗಟ್ಟಲೆ ಹೋಗುವವರಿಗೆ, 33 ಇಂಚು ಮೀರಿದ ಟೈರ್ ಇರುವವರಿಗೆ, ಕ್ಯಾನು, ಹೈ-ಲಿಫ್ಟ್ ಜ್ಯಾಕು ಎಲ್ಲ ಹಿಂದೆಯೇ ಹೊರಬೇಕಾದವರಿಗೆ. ಭಾನುವಾರ ಗುಡ್ಡ ಹತ್ತಿ ಇಳಿಯುವವರಿಗೆ ಅಲ್ಲ. ಅಂದಹಾಗೆ, ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ವನ್ಯಧಾಮ. ಎಂಥಾ ಬಂಪರ್ ಇದ್ದರೂ ಅನುಮತಿ ಇಲ್ಲದೆ ಅಲ್ಲಿ ಗಾಡಿ ನುಗ್ಗಿಸುವ ಹಾಗಿಲ್ಲ.

ಭಾರವನ್ನೇ ಇಳಿಸಿದರೆ?

ಈ ದಾರಿಯನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ. ನಾಲ್ಕು ಚಕ್ರಕ್ಕೆ ದೊಡ್ಡ ಟೈರ್ ಹಾಕಿಸಿ, ಸ್ಟೆಪ್ನಿ ಮಾತ್ರ ಕಂಪನಿ ಅಳತೆಯದೇ ಇಟ್ಟುಕೊಳ್ಳಬಹುದು. ಬಾಗಿಲಿಗೆ ಹೊಸ ಭಾರವೇ ಇಲ್ಲ. ಐದನೇ ಟೈರಿನ ದುಡ್ಡೂ ಉಳಿಯಿತು.

ಆದರೆ ಷರತ್ತಿದೆ. ಅಳತೆಯ ವ್ಯತ್ಯಾಸ ಸಣ್ಣದಿರಬೇಕು. ಪಂಕ್ಚರ್ ಆದಾಗ ಸಣ್ಣ ಟೈರ್ ಮುಂದಿನ ಆಕ್ಸಲ್‌ಗೆ ಹಾಕಿ, ಗಾಡಿ ಎರಡು ಚಕ್ರದ ಡ್ರೈವ್‌ನಲ್ಲಿ (ಎಂಜಿನ್ ಬರೀ ಹಿಂದಿನ ಚಕ್ರ ತಿರುಗಿಸುವಂತೆ), ನಿಧಾನವಾಗಿ, ಹತ್ತಿರದ ಪಂಕ್ಚರ್ ಅಂಗಡಿವರೆಗೆ ಮಾತ್ರ. ಹಿಂದಿನ ಚಕ್ರ ಪಂಕ್ಚರ್ ಆದರೆ ಮುಂದಿನದನ್ನು ಬಿಚ್ಚಿ ಹಿಂದಕ್ಕೆ, ಸಣ್ಣದನ್ನು ಮುಂದಕ್ಕೆ. ಎರಡು ಸಲ ಜ್ಯಾಕ್ ಏರಿಸುವ ಕೆಲಸ, ನಿಜ. ಹಿಂದಕ್ಕೇ ಹಾಕಿದರೆ ಅಳತೆಯ ವ್ಯತ್ಯಾಸಕ್ಕೆ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್‌ಗಳು) ಇಡೀ ದಾರಿ ಒಳಗೇ ಉಜ್ಜಿಕೊಳ್ಳುತ್ತದೆ. ಅಳತೆ ಬೇರೆ ಬೇರೆ ಇದ್ದಾಗ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರಂತೂ ಗೇರ್‌ಗಳಿಗೇ ಏಟು. ಹೆದ್ದಾರಿ ಪಕ್ಕದಲ್ಲೇ ಓಡಾಡುವವರಿಗೆ ಈ ಉಪಾಯ ಚೆನ್ನ. ಕಾಡಿನೊಳಗೆ ದಿನಗಟ್ಟಲೆ ಇರುವವರಿಗೆ ಬೇಡ.

ಸ್ಟೆಪ್ನಿಯನ್ನು ಛಾವಣಿಗೆ ಏರಿಸುವವರಿದ್ದಾರೆ. ಛಾವಣಿ ಎಷ್ಟು ಹೊರಬಹುದು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಓದಿ. ಭಾರ ಮೇಲಕ್ಕೆ ಹೋದಷ್ಟೂ ಓರೆ ದಾರಿಯಲ್ಲಿ ಗಾಡಿ ಮಗುಚುವ ಭಯ. ಡಿಕ್ಕಿ ಒಳಗೆ ಹಾಕುವುದೂ ಕಷ್ಟವೇ: ಜಿಮ್ನಿಯ ಡಿಕ್ಕಿ 208 ಲೀಟರ್, ಟೈರ್ ಇಟ್ಟರೆ ಬೇರೇನೂ ಹಿಡಿಯದು, ಕಟ್ಟದೆ ಇಟ್ಟ ಟೈರ್ ಅಪಘಾತದಲ್ಲಿ ಸೀಟಿನವರ ಬೆನ್ನಿಗೆ ಬರುತ್ತದೆ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಅಂತ 2020ರಲ್ಲಿ ನಿಯಮ ಬಂದಿದೆ. ಹಾಗಂತ ಕಲ್ಲುದಾರಿಯಲ್ಲಿ ಟೈರಿನ ಪಕ್ಕ ಸೀಳಿದರೆ ಕಿಟ್ ಯಾವ ಕೆಲಸಕ್ಕೂ ಬಾರದು. ಗುಡ್ಡಕ್ಕೆ ಹೋಗುವಾಗ ಸ್ಟೆಪ್ನಿ ಇರಲೇಬೇಕು.

ರೆಡಿಮೇಡ್ ಕಿಟ್ಟಾ, ನಮ್ಮೂರ ವೆಲ್ಡಿಂಗ್ ಅಂಗಡಿಯಾ?

ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಹರಿಹರ ನಮ್ಮ ಪಕ್ಕದಲ್ಲಿದೆ. ಕಬ್ಬಿಣದ ಕೆಲಸ ಬಲ್ಲವರಿಗೆ ಇಲ್ಲಿ ಬರವಿಲ್ಲ. ಪ್ಲೇಟ್ ಕೆಲಸಕ್ಕೆ ನಾನು ಧೈರ್ಯವಾಗಿ ಸ್ಥಳೀಯ ಫ್ಯಾಬ್ರಿಕೇಶನ್ ಹೇಳುತ್ತೇನೆ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಆಮೇಲೆ ಪ್ಲೇಟ್ ಕತ್ತರಿಸುವವರಾದರೆ ಒಳ್ಳೆಯ ಕೆಲಸಗಾರರು.

ಹಿಂಜ್ ಮತ್ತು ಬಂಪರ್ ಮಾತ್ರ ನಿಮ್ಮ ಮಾದರಿಗೇ ಮಾಡಿದ ಕಿಟ್ ಇರಲಿ. ಹಿಂಜ್ ಪಿನ್‌ಗಳು ಒಂದೇ ನೇರದಲ್ಲಿ ಇರಬೇಕು, ಎರಡು ಎಂಎಂ ಆಚೀಚೆ ಆದರೂ ಬಾಗಿಲು ಕಚ್ಚಿಕೊಳ್ಳುತ್ತದೆ. ಮತ್ತೊಂದು ಮಾತು, ಬಾಗಿಲಿನ ತಗಡಿಗೆ ನೇರವಾಗಿ ವೆಲ್ಡಿಂಗ್ ಬೇಡ. ಆ ಬಿಸಿಗೆ ತೆಳು ತಗಡು ಸೊಟ್ಟಗಾಗುತ್ತದೆ, ತುಕ್ಕು ತಡೆಯುವ ಲೇಪ ಸುಟ್ಟು ಹೋಗುತ್ತದೆ, ಒಳಗಿನ ವೈರಿಂಗ್‌ಗೂ ಅಪಾಯ. ಎಲ್ಲವೂ ಬೋಲ್ಟ್‌ನಲ್ಲೇ ಕೂರಲಿ. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಅಂತ ಬಲದ ದರ್ಜೆಯ ಗುರುತು ಇರಬೇಕು, ನಟ್ ನೈಲಾಕ್ (ಒಳಗೆ ನೈಲಾನ್ ಬಳೆ ಇದ್ದು ಸುಲಭಕ್ಕೆ ಸಡಿಲಾಗದ್ದು) ಆಗಿರಬೇಕು.

ದುಡ್ಡು ಮತ್ತು ದಾರಿ ಸೇರಿಸಿ ನೋಡಿದರೆ

ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಬೊಲೆರೊದಲ್ಲಿ ದಿನಾ ಓಡಾಡುವವರಿಗೆ ರಬ್ಬರ್, ಗ್ರೀಸ್, ಬಿಗಿ ಬೋಲ್ಟ್. ಬಿರುಕು ಕಂಡರೆ ಒಳ ಪ್ಲೇಟ್, ಮುಗಿಯಿತು. ಜಿಮ್ನಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ರಜೆಗೆ ಮಲೆನಾಡು ನೋಡುವವರು 215ರ ಟೈರ್, ಹಿಂಜ್‌ವರೆಗೆ ಚಾಚಿದ ಪ್ಲೇಟ್‌ಗೆ ನಿಂತರೆ ಸಾಕು. 235ಕ್ಕೆ ಹೋದರೆ ಹೊರ ಫ್ರೇಮ್ ನೋಡಬೇಕು, ಆಗ ಗಾಡಿಯ ಹಗುರತನ ಸ್ವಲ್ಪ ಕೈಬಿಡುತ್ತದೆ. ಥಾರ್‌ಗೆ 285 ಹಾಕಿಸಿದವರು ಪ್ಲೇಟ್ ಮೇಲೆ ದುಡ್ಡು ಸುರಿದು ಆಮೇಲೆ ಫ್ರೇಮ್ ಕೊಳ್ಳುವ ಬದಲು ನೇರ ಫ್ರೇಮ್ ಹಾಕಿಸಲಿ, ಜೊತೆಗೆ ಸ್ಟೇ ಕೂಡ. ಈಗ ದುಡ್ಡು ಸಾಲದಿದ್ದರೆ ಹಳೆಯ 255ರ ಟೈರನ್ನೇ ಸ್ಟೆಪ್ನಿ ಮಾಡಿಕೊಂಡು ಆರು ತಿಂಗಳು ತಳ್ಳಬಹುದು.

ವಾರಂಟಿ ಇರುವ ಹೊಸ ಗಾಡಿಯಾದರೆ ತೂತು ಕೊರೆಯುವ ಮೊದಲು ಸರ್ವಿಸ್ ಸೆಂಟರ್‌ನವರಿಂದ ಬರಹದಲ್ಲಿ ಉತ್ತರ ಪಡೆಯಿರಿ, ಬಾಯಿಮಾತು ಬೇಡ. ಕೂರಿಸಿದ ಮೇಲೆ ಬೋಲ್ಟ್ ತಲೆಯಿಂದ ಪ್ಲೇಟ್‌ವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ಒಡೆದು ಜರುಗಿದ್ದರೆ ಬೋಲ್ಟ್ ತಿರುಗಿದೆ ಅಂತ ಬಗ್ಗಿ ನೋಡಿದರೇ ಗೊತ್ತಾಗುತ್ತದೆ. ಮೊದಲ 500 ಕಿಲೋಮೀಟರ್ ಆದ ಮೇಲೆ ಒಮ್ಮೆ ಎಲ್ಲವನ್ನೂ ಟಾರ್ಕ್ ಪಾನಾದಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಬಿಗಿ ಮಾಡಿಸಿ, ಆಮೇಲೆ ಪ್ರತಿ ಸರ್ವಿಸ್‌ಗೂ ಹಿಂಜ್ ನೋಡಿ ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ.